ಮಳೆಗಾಲದಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ‘ಸಂಸ್ಕಾರ’ ನೋಡುವುದು ಹೇಗೆ

ಮೊದಲೇ ಒಂದು ಮಾತು. ಸಿನಿಮಾ ಮುಗಿಯುವ ತನಕ ಊಟ ಬಡಿಸಬೇಡಿ. ಎಲ್ಲ ಮಾಡಿ ಮುಚ್ಚಿಡಿ, ಒಗ್ಗರಣೆ ಪರಿಮಳ ಹಜಾರದ ತನಕ ಬರಲಿ, ಆದರೆ ಬಡಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಸಂಜೆ ಆರಕ್ಕೇ ಕತ್ತಲು ಬಿದ್ದ ಹಾಗಿರುತ್ತದೆ. ತೋಟಕ್ಕೆ ಹೋಗಿ ಮಾಡುವಂಥದ್ದು ಏನೂ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯೋಣ ಅಂದರೆ ಮಳೆ ಎರಡು ಗಂಟೆ ಬಿಡುವು ಕೊಡುವುದಿಲ್ಲ. ಎಲ್ಲರೂ ಮನೆಯಲ್ಲೇ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಇಂಥ ದಿನಗಳಲ್ಲೇ ನಾವು ಒಂದು ಕಾದಂಬರಿ ಓದಿ, ಅದರ ಸಿನಿಮಾ ಒಟ್ಟಿಗೆ ನೋಡುವ ಅಭ್ಯಾಸ ಶುರು ಮಾಡಿದ್ದು. ಶುರು ಮಾಡಿದ್ದು ‘ಸಂಸ್ಕಾರ’ದಿಂದ. ಮೊದಲ ಸಲ ಪೂರ್ತಿ ಕೆಟ್ಟಿತು. ಎರಡನೇ ಸಲ ಚೆನ್ನಾಗಿ ಆಯಿತು. ನೀವು ನೇರ ಎರಡನೇ ಸಲದಿಂದಲೇ ಶುರು ಮಾಡಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಇದೇ ಯಾಕೆ ಅಂದರೆ, ಊರು ಒಪ್ಪದ ಸಂಬಂಧದ ಕತೆಗಳು ಬೇಕಾದಷ್ಟಿವೆ, ಆದರೆ ಇದು ನಮ್ಮ ಅಂಗಳದಲ್ಲೇ ನಡೆಯುವುದು. ಬರೆದ ಯು. ಆರ್. ಅನಂತಮೂರ್ತಿ ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ಕತೆಯ ಕೊನೆಗೆ ಬರುವ ಜಾತ್ರೆಯೂ ಮೇಳಿಗೆಯದ್ದೇ. ಪಕ್ಕದಲ್ಲಿ ಹರಿಯುವುದು ತುಂಗೆ. ಕತೆಯ ಶುರುವಿನಲ್ಲೇ ಸಾಯುವ ನಾರಣಪ್ಪ ಜ್ವರ ಹತ್ತಿಸಿಕೊಂಡು ಬರುವುದೂ ಶಿವಮೊಗ್ಗೆಯಿಂದ. ಬಸ್ಸಿನ ಬೋರ್ಡಿನಲ್ಲಿ ದಿನಾ ನೋಡುವ ಹೆಸರುಗಳೇ ಪುಸ್ತಕದಲ್ಲಿ ಬಂದರೆ, ಓದುವ ಅಭ್ಯಾಸ ಇಲ್ಲದವರೂ ಸ್ವಲ್ಪ ಕಿವಿ ಕೊಡುತ್ತಾರೆ.

ಕತೆ ಗೊತ್ತಿಲ್ಲದವರಿಗೆ ಹೇಳುವಾಗ ಇಷ್ಟು ಹೇಳಿ ಸಾಕು. ದೂರ್ವಾಸಪುರ ಅನ್ನುವ ಮಾಧ್ವರ ಅಗ್ರಹಾರ. ಅಲ್ಲಿ ನಾರಣಪ್ಪ ಸಾಯುತ್ತಾನೆ. ಅವನು ಸಾಲಿಗ್ರಾಮ ಹೊಳೆಗೆ ಎಸೆದವನು, ದೇವಸ್ಥಾನದ ಕೆರೆಯ ಮೀನು ಹಿಡಿದವನು, ಕುಂದಾಪುರದ ಚಂದ್ರಿಯನ್ನು ತಂದು ಮನೆಯಲ್ಲಿ ಇಟ್ಟುಕೊಂಡವನು. ಅವನ ಹೆಣ ಯಾರು ಸುಡಬೇಕು? ಯಾರೂ ಮುಂದೆ ಬರುವುದಿಲ್ಲ. ದೊಡ್ಡ ವಿದ್ವಾಂಸರಾದ ಪ್ರಾಣೇಶಾಚಾರ್ಯರು ತಾಳೆಗರಿ ಹುಡುಕುತ್ತಾರೆ, ಉತ್ತರ ಸಿಗುವುದಿಲ್ಲ. ಕಾಡಿನ ಮಾರುತಿ ಗುಡಿಗೆ ಹೋಗಿ ದಿನವಿಡೀ ಕಾಯುತ್ತಾರೆ, ದೇವರೂ ಬಾಯಿ ಬಿಡುವುದಿಲ್ಲ. ವಾಪಸ್ ಬರುವಾಗ ಕತ್ತಲಲ್ಲಿ ಚಂದ್ರಿ ಎದುರಾಗುತ್ತಾಳೆ. ಇಲ್ಲಿಗೆ ನಿಲ್ಲಿಸಿ. ಮುಂದಿನದ್ದು ಹೇಳಿದರೆ ನೋಡುವುದಕ್ಕೆ ಏನು ಉಳಿಯುತ್ತದೆ?

ಈಗ ಪುಸ್ತಕ. ಪುಸ್ತಕ ಓದದೆ ಸಿನಿಮಾ ಹಾಕಬೇಡಿ. ಇದು ದಪ್ಪ ಪುಸ್ತಕ ಅಲ್ಲ, ಮೂರು ಭಾಗ ಇದೆ, ಮೂರು ಸಂಜೆಗೆ ಮುಗಿಯುತ್ತದೆ. ಎಲ್ಲರೂ ಒಂದೊಂದು ಪ್ರತಿ ಕೊಳ್ಳಬೇಕಾಗಿಲ್ಲ, ಒಬ್ಬರು ಜೋರಾಗಿ ಓದಲಿ, ಉಳಿದವರು ಅಡಿಕೆ ಹೆರೆಯುತ್ತಲೋ ಹಲಸಿನ ಬೀಜ ಬಿಡಿಸುತ್ತಲೋ ಕೇಳಲಿ. ನಮ್ಮ ಕಡೆಯವರಿಗೆ ಕೇಳುವುದು ಹೊಸದೇನಲ್ಲ ಅಲ್ವಾ, ಶಿವಮೊಗ್ಗದ ಮಗ್ಗುಲಲ್ಲೇ ಗಮಕಕ್ಕೆ ಹೆಸರಾದ ಹೊಸಹಳ್ಳಿ ಇದೆ. ಆದರೆ ಇದನ್ನು ಗಮಕದ ಹಾಗೆ ರಾಗ ಎಳೆದು ಓದಿದರೆ ಕೆಟ್ಟಿತು. ನಮ್ಮ ದೊಡ್ಡಪ್ಪ ಹಾಗೇ ಓದಿದರು. ಎರಡು ಪುಟಕ್ಕೆ ಮಕ್ಕಳೆಲ್ಲ ಮಾಯ. ಆಮೇಲೆ ಚಿಕ್ಕಮ್ಮ ಪುಸ್ತಕ ತೆಗೆದುಕೊಂಡರು, ಸೊಸೈಟಿಯ ನೋಟೀಸು ಓದುವ ಹಾಗೆ, ಒಂದೇ ದನಿ, ಯಾವ ನಾಟಕವೂ ಇಲ್ಲ. ಎಲ್ಲರೂ ಸುಮ್ಮನೆ ಕೂತು ಕೇಳಿದರು.

ಶುರುವಿನ ಪುಟವನ್ನು ನಿಧಾನವಾಗಿ ಓದಿಸಿ. ಆಚಾರ್ಯರು ಕಾಯಿಲೆಯಲ್ಲಿ ಮುರುಟಿದ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸುವುದರಿಂದ ಪುಸ್ತಕ ಶುರುವಾಗುತ್ತದೆ. ಮೊದಲ ಸಾಲಿನಲ್ಲೇ ಒಂದು ಮೈ, ಅದನ್ನು ಮುಟ್ಟುವ ಒಂದು ಕೈ. ಮುಟ್ಟುವುದು ಅಲ್ಲಿ ಕರ್ತವ್ಯ. ಮುಂದೆ ಕಾಡಿನಲ್ಲಿ ಅದೇ ಕೈ ಬೇರೊಂದು ಮೈ ಮುಟ್ಟುವಾಗ ಈ ಮೊದಲ ಸಾಲು ತಾನಾಗಿ ನೆನಪಿಗೆ ಬರಬೇಕು. ಬೇಗ ಬೇಗ ಓದಿಸಿದರೆ ಬರುವುದಿಲ್ಲ.

ಇನ್ನೊಂದು ಸಂಗತಿ ಮಕ್ಕಳಿಗೆ ಬಿಡಿಸಿ ಹೇಳಬೇಕು, ಪ್ಲೇಗು. ಅಗ್ರಹಾರದಲ್ಲಿ ಇಲಿಗಳು ಹೊರಗೆ ಬಂದು ಬಿದ್ದು ಸಾಯುತ್ತವೆ. ಮನೆಯ ಮಾಡಿನ ಮೇಲೆ ರಣಹದ್ದು ಕೂರುತ್ತವೆ. ಜನ ಶಂಖ ಊದಿ ಜಾಗಟೆ ಬಡಿದು ಓಡಿಸುತ್ತಾರೆ. ಹೆಣ ಸುಡದೆ ಬಿಟ್ಟಿದ್ದಕ್ಕೆ ಹೀಗಾಗುತ್ತಿದೆ ಅಂತ ಅವರ ನಂಬಿಕೆ. ನಾರಣಪ್ಪನ ಮೈಯಲ್ಲಿ ಗೆಡ್ಡೆ ಎದ್ದಿತ್ತು ಅಂತ ಮೊದಲೇ ಬಂದಿರುತ್ತದೆ, ಆದರೂ ಯಾರಿಗೂ ಹೊಳೆಯುವುದಿಲ್ಲ. ಈಗಿನ ಮಕ್ಕಳು ಪ್ಲೇಗು ನೋಡಿಲ್ಲ, ಅವರಿಗೆ ಅದು ಬರೀ ಶಬ್ದ. ನಾನು ಮಂಗನ ಕಾಯಿಲೆ ನೆನಪಿಸಿದೆ. 1957ರಲ್ಲಿ ಸೊರಬ ಕಡೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ, ಊರಿನ ಹೆಸರೇ ಅದಕ್ಕೆ ಬಿತ್ತು. ಅಲ್ಲೂ ಮೊದಲು ಕಾಡಲ್ಲಿ ಮಂಗ ಸತ್ತು ಬೀಳುತ್ತದೆ, ಆಮೇಲೆ ಉಣುಗು ಕಚ್ಚಿ ಮನುಷ್ಯರಿಗೆ ಜ್ವರ. ಮಂಗ ಸತ್ತಿದೆ ಅಂದರೆ ನಮ್ಮಲ್ಲಿ ಈಗಲೂ ಎಲ್ಲರಿಗೂ ಎದೆ ಧಸಕ್ ಅನ್ನುತ್ತದೆ. ಹಾಗೆ ಹೇಳಿದ ಮೇಲೆ ಇಲಿ ಬೀಳುವ ಪುಟ ಬಂದಾಗ ಏಳನೇ ಕ್ಲಾಸಿನ ಹುಡುಗ ಒಬ್ಬ, “ಅಯ್ಯೋ, ಇವರಿಗೆ ಗೊತ್ತೇ ಆಗ್ತಿಲ್ಲ” ಅಂದ. ಪುಸ್ತಕದ ಒಳಗೆ ಹೋಗಿದ್ದಾನೆ ಅಂತ ಲೆಕ್ಕ.

ಈಗ ಊಟದ ವಿಷಯ. ಊರಲ್ಲಿ ಹೆಣ ಇದ್ದಾಗ ಒಲೆ ಹಚ್ಚುವ ಹಾಗಿಲ್ಲ, ಉಣ್ಣುವ ಹಾಗಿಲ್ಲ. ಕತೆಯ ಅರ್ಧಕ್ಕರ್ಧ ನಡೆಯುವುದೇ ಈ ಹಸಿವಿನ ಮೇಲೆ. ದೊಡ್ಡ ದೊಡ್ಡ ಧರ್ಮದ ಮಾತು ಆಡುವವರೆಲ್ಲ ಒಳಗೊಳಗೆ ಹೊಟ್ಟೆ ಹಿಡಿದುಕೊಂಡಿರುತ್ತಾರೆ. ದಾಸಾಚಾರ್ಯ ಅನ್ನುವ ಬಡವ ತಡೆಯಲಾರದೆ ಪಕ್ಕದ ಪಾರಿಜಾತಪುರಕ್ಕೆ ಹೋಗಿ ಸ್ಮಾರ್ತರ, ಅಂದರೆ ಬೇರೆ ಪಂಗಡದ ಬ್ರಾಹ್ಮಣರ ಮನೆಯಲ್ಲಿ ಗುಟ್ಟಾಗಿ ತಿಂದು ಬರುತ್ತಾನೆ. ಆಚಾರ್ಯರೂ ಗುಡಿಯಲ್ಲಿ ದಿನವಿಡೀ ಖಾಲಿ ಹೊಟ್ಟೆಯಲ್ಲಿ ಕೂತವರು. ನಾವು ಮೊದಲ ಸಲ ಕೋಳಿ ಸಾರು, ಕಡುಬು ಹೊಡೆದು, ಎಲೆ ಅಡಿಕೆ ಹಾಕಿ ನೋಡುವುದಕ್ಕೆ ಕೂತೆವು. ಹೊಟ್ಟೆ ತುಂಬಿದವರಿಗೆ ದಾಸಾಚಾರ್ಯ ಜೋಕರ್ ಥರ ಕಂಡ. ಎರಡನೇ ಸಲ ಹಸಿದು ಕೂತಾಗ ಯಾರೂ ನಗಲಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ, ಮಕ್ಕಳಿಗೆ ಮೊದಲೇ ಏನಾದರೂ ಕೊಟ್ಟುಬಿಡಿ, ಅವರನ್ನು ಅಗ್ರಹಾರಕ್ಕೆ ಸೇರಿಸಬೇಡಿ. ಉಳಿದವರಿಗೆ ಒಂದು ಲೋಟ ಕಷಾಯ ಸಾಕು.

ಸಿನಿಮಾ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಆರೂವರೆಗೆ ಹಾಕಿದರೆ ಮಾತುಕತೆ ಸೇರಿ ಒಂಬತ್ತೂವರೆ ಒಳಗೆ ಊಟ.

ಸಿನಿಮಾ ಹಾಕುವ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ನೆಂಟರ ಹುಡುಗನ ಹತ್ತಿರ ಒಂದು ಸಣ್ಣ ಪ್ರೊಜೆಕ್ಟರ್ ಇತ್ತು, ತಂದು ಹಜಾರದ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ದೊಡ್ಡದಾಗಿ ಹಾಕಿದೆ. ಹಗಲಿನ ದೃಶ್ಯ ಎಲ್ಲ ಚೆನ್ನಾಗಿಯೇ ಕಂಡವು. ಕಪ್ಪು ಬಿಳುಪು ಸಿನಿಮಾ, ಹಳೆಯ ಪ್ರತಿ, ರಾತ್ರಿಯ ದೃಶ್ಯ ಬಂದ ಕೂಡಲೇ ಬೆಡ್‌ಶೀಟ್ ತುಂಬ ಬರೀ ಕಪ್ಪು. ಕಾಡಿನಲ್ಲಿ ಆಚಾರ್ಯರು, ಚಂದ್ರಿ, ಇಡೀ ಕತೆ ತಿರುಗುವ ಜಾಗ, ನಮಗೆ ಕಾಣುತ್ತಿರುವುದು ಬೆಡ್‌ಶೀಟಿನ ಮಡಿಕೆ ಮಾತ್ರ. ದೊಡ್ಡಪ್ಪ ಕರೆಂಟ್ ಹೋಯಿತು ಅಂದುಕೊಂಡು ಎದ್ದು, “ಏ, ಯುಪಿಎಸ್ ಎಂತ ಆಯ್ತಾ ನೋಡಾ” ಅಂತ ಕೂಗಿದರು. ಒಬ್ಬರು ಲೈಟ್ ಹಾಕಿದರು. ಲೈಟ್ ಹತ್ತಿತು. ಎಲ್ಲರೂ ಗೊಳ್ಳೆಂದು ನಕ್ಕರು. ಅಲ್ಲಿಗೆ ಮುಗಿಯಿತು, ಆಮೇಲೆ ಏನು ಮಾಡಿದರೂ ಸಿನಿಮಾ ಮತ್ತೆ ಹತ್ತಲಿಲ್ಲ.

ಆದ್ದರಿಂದ ಹಿಂದಿನ ದಿನವೇ ಆ ಕಾಡಿನ ಭಾಗವನ್ನು ಮಾತ್ರ ಹಾಕಿ ನೋಡಿ. ಮುಖ ಕಂಡರೆ ಉಳಿದದ್ದೆಲ್ಲ ಕಾಣುತ್ತದೆ. ಪ್ರೊಜೆಕ್ಟರಿನಲ್ಲಿ ಕಾಣದಿದ್ದರೆ ಆಸೆ ಬಿಟ್ಟು ಟಿವಿಗೆ ಬನ್ನಿ. ಹತ್ತು ಜನಕ್ಕೆ ಮನೆಯ ಟಿವಿ ಧಾರಾಳ, ಬ್ರೈಟ್‌ನೆಸ್ ಏರಿಸಿಕೊಳ್ಳಬಹುದು. ಇಂಟರ್ನೆಟ್ ನಂಬಬೇಡಿ, ಆಷಾಢದಲ್ಲಿ ಟವರ್ ಯಾವಾಗ ಮಲಗುತ್ತದೆ ಅಂತ ಹೇಳಲಾಗುವುದಿಲ್ಲ, ಸಿಕ್ಕ ಕಡೆ ಮೊದಲೇ ಇಳಿಸಿಟ್ಟುಕೊಳ್ಳಿ. ಯುಪಿಎಸ್ ಬ್ಯಾಟರಿಗೆ ನೀರು ಹಾಕಿದ್ದೀರಾ ನೋಡಿ. ಮನೆಯ ಮಟ್ಟಿಗಾದರೆ ಇಷ್ಟು ಸಾಕು. ಊರಿನ ಸಭಾಭವನದಲ್ಲೋ ಸಂಘದ ಹೆಸರಿನಲ್ಲೋ ಹಾಕುವುದಾದರೆ ಹಕ್ಕು ಇರುವವರ ಅನುಮತಿ ಬೇಕು, ಅದನ್ನು ಮರೆಯಬೇಡಿ.

ಇನ್ನು ಸದ್ದು. ಹಂಚಿನ ಮನೆಯಾದರೆ ಹೇಗೋ ನಡೆಯುತ್ತದೆ. ಜಿಂಕ್ ಶೀಟಿನ ಕೆಳಗೆ ಕೂತಿದ್ದರೆ ಒಂದು ಜೋರು ಮಳೆಗೆ ಯಾವ ಮಾತೂ ಕೇಳುವುದಿಲ್ಲ. ಸಬ್‌ಟೈಟಲ್ ಇರುವ ಪ್ರತಿ ಸಿಕ್ಕರೆ ನಾಚಿಕೆ ಬಿಟ್ಟು ಹಾಕಿಕೊಳ್ಳಿ, ಕನ್ನಡ ಸಿನಿಮಾಕ್ಕೆ ಇಂಗ್ಲಿಷ್ ಅಕ್ಷರ ಯಾಕೆ ಅಂತ ಒಬ್ಬರಾದರೂ ಕೇಳುತ್ತಾರೆ, ಕೇಳಲಿ. ಸ್ಪೀಕರ್ ಹತ್ತಿರ ಅಜ್ಜ ಅಜ್ಜಿಯರನ್ನು ಕೂರಿಸಿ. ನಮ್ಮ ಅತ್ತೆಗೆ ಕಿವಿ ಮಂದ, ಇಂಗ್ಲಿಷೂ ಬಾರದು, ಮಾತು ಒಂದೂ ತಿಳಿಯಲಿಲ್ಲ ಅಂತ ಬೇಜಾರು ಮಾಡಿಕೊಂಡರು. ಅವರಿಗೆ ಒಂದು ವಿಷಯ ಹೇಳಿದೆ. ಅನಂತಮೂರ್ತಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರ್ಗ್‌ಮನ್ ಅವರ ಒಂದು ಸ್ವೀಡಿಷ್ ಸಿನಿಮಾವನ್ನು ಸಬ್‌ಟೈಟಲ್ ಇಲ್ಲದೆ ನೋಡಿದ್ದರು. ಅದರಲ್ಲೂ ಪ್ಲೇಗು, ಅದರಲ್ಲೂ ಬಾಯಿ ಬಿಡದ ದೇವರು. ಈ ಕಾದಂಬರಿ ಬರೆಯಲು ಹೊರಟದ್ದು ಅದರ ಗುಂಗಿನಲ್ಲೇ. 1965ರಲ್ಲಿ ಪುಸ್ತಕ ಬಂತು. ಮಾತು ತಿಳಿಯದೆ ನೋಡಿದ ಸಿನಿಮಾದಿಂದಲೇ ಇಷ್ಟೆಲ್ಲ ಹುಟ್ಟಿತು ಅಂದಾಗ ಅತ್ತೆ, “ಹಂಗಾದ್ರೆ ಅಡ್ಡಿಲ್ಲ” ಅಂದರು.

ಸಿನಿಮಾಕ್ಕೆ ಮುಂಚೆ ಭಾಷಣ ಮಾಡಬೇಡಿ. ನಾನು ಮಾಡಿದ್ದೆ, ಅರ್ಧ ಗಂಟೆ. ಎರಡು ನಿಮಿಷಕ್ಕೆ ಎಷ್ಟು ಹಿಡಿಯುತ್ತದೋ ಅಷ್ಟೇ ಹೇಳಿ. 1970ರ ಸಿನಿಮಾ. ಮಾಡಿದವರು ಪಟ್ಟಾಭಿರಾಮ ರೆಡ್ಡಿ, ನೆಲ್ಲೂರಿನ ಕಡೆಯ ತೆಲುಗು ಕವಿ. ಆಚಾರ್ಯರಾಗಿ ಗಿರೀಶ ಕಾರ್ನಾಡ್, ಅವರಿಗೆ ಅದು ಮೊದಲ ಸಿನಿಮಾ. ಚಂದ್ರಿ ಆಗಿ ಪಟ್ಟಾಭಿಯವರ ಹೆಂಡತಿ ಸ್ನೇಹಲತಾ ರೆಡ್ಡಿ. ನಾರಣಪ್ಪ ಯಾರು ಗೊತ್ತಾ, ಪಿ. ಲಂಕೇಶ್, ಶಿವಮೊಗ್ಗ ಜಿಲ್ಲೆಯವರೇ! ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದ್ದು. ಚಿತ್ರ ತೆಗೆದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಈ ಕೊನೆಯದನ್ನು ಹೇಳಿದ ಮೇಲೆ ನಮ್ಮವರ ಕಣ್ಣು ಕತೆಗಿಂತ ಜಾಸ್ತಿ ಮನೆಗಳ ಮೇಲೆ, ಜಗುಲಿ, ಕಂಬ, ಮಾಡಿನ ಇಳಿಜಾರು, ಹೊಳೆಯ ಮೆಟ್ಟಿಲು. ಮೊದಲ ಹತ್ತು ನಿಮಿಷ ಹಾಗೇ ನೋಡಲಿ ಬಿಡಿ.

ಒಂದನ್ನು ಮಾತ್ರ ಮೊದಲು ಹೇಳಬಾರದು. ಸಿನಿಮಾಕ್ಕೆ ಸೆನ್ಸಾರಿನವರು ಮೊದಲು ತಡೆ ಹಾಕಿದ್ದರು, ಜಾತಿಯ ವಿಷಯದಲ್ಲಿ ಗಲಾಟೆ ಆಗುತ್ತದೆ ಅನ್ನುವ ಭಯಕ್ಕೆ. ಆಮೇಲೆ ಬಿಡುಗಡೆಯಾಗಿ ಆ ವರ್ಷದ ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು, ಕನ್ನಡಕ್ಕೆ ಅದು ಮೊದಲನೆಯದು. ಒಳ್ಳೆಯ ಕತೆಯೇ, ಆದರೆ “ಬ್ಯಾನ್ ಆಗಿತ್ತಂತೆ” ಅಂತ ಮೊದಲೇ ಹೇಳಿದರೆ ಎಲ್ಲರೂ ‘ಆ ಸೀನ್’ ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂರುತ್ತಾರೆ. ಹುಡುಗರಂತೂ ಬೇರೇನೂ ನೋಡುವುದಿಲ್ಲ. ಊಟದ ಹೊತ್ತಿಗೆ ಹೇಳಿ.

ಈಗ ಮುಖ್ಯ ಕೆಲಸಕ್ಕೆ ಬರುತ್ತೇನೆ. ಕಾದಂಬರಿ ಓದಿ ಸಿನಿಮಾ ನೋಡುವವರು ಸಾಮಾನ್ಯವಾಗಿ ಒಂದು ಪಟ್ಟಿ ಹಿಡಿದು ಕೂರುತ್ತಾರೆ. ಇದು ಬಿಟ್ಟರು, ಅದು ಸೇರಿಸಿದರು, ಪುಸ್ತಕದಲ್ಲಿ ಹೀಗಿರಲಿಲ್ಲ. ಅಡಿಕೆ ಲೆಕ್ಕ ಹಾಕಿದ ಹಾಗೆ. ಆ ಲೆಕ್ಕದಲ್ಲಿ ಪುಸ್ತಕವೇ ಯಾವಾಗಲೂ ಗೆಲ್ಲುತ್ತದೆ, ಪುಸ್ತಕಕ್ಕೆ ಜಾಗ ಜಾಸ್ತಿ. ಅದರ ಬದಲು ಒಂದೇ ಒಂದು ಜಾಗ ಆರಿಸಿಕೊಳ್ಳಿ, ಅದನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲಿ ಆ ಜಾಗ ಯಾವುದು ಅಂತ ಹುಡುಕಬೇಕಾಗಿಲ್ಲ. ಮೊದಲ ಭಾಗದ ಕೊನೆಯ ಎರಡು ಪುಟ, ಎರಡನೇ ಭಾಗದ ಮೊದಲ ಪುಟ.

ಸಿನಿಮಾ ಹಾಕುವ ದಿನವೇ, ಹಾಕುವ ಮುಂಚೆ, ಆ ಎರಡು ಪುಟವನ್ನು ಮತ್ತೆ ಓದಿಸಿ. ಕತ್ತಲು. ಚಂದ್ರಿ ಕೃತಜ್ಞತೆಯಿಂದ ಆಚಾರ್ಯರ ಕಾಲಿಗೆ ಬೀಳುತ್ತಾಳೆ. ಆಶೀರ್ವಾದಕ್ಕೆ ಚಾಚಿದ ಕೈ ಅವಳಿಗೆ ತಗುಲುತ್ತದೆ. ಹಸಿದ ಮನುಷ್ಯ, ಮಗುವಿನ ಹಾಗೆ ಅಮ್ಮಾ ಅಂತಾನೆ. ಅವಳು ಮಡಿಲಲ್ಲಿ ಇಟ್ಟುಕೊಂಡಿದ್ದ ಬಾಳೆಹಣ್ಣು ಸುಲಿದು ತಿನ್ನಿಸುತ್ತಾಳೆ. ಆಮೇಲೆ ಸೀರೆ ಬಿಚ್ಚಿ ನೆಲಕ್ಕೆ ಹಾಸುತ್ತಾಳೆ. ಭಾಗ ಮುಗಿಯಿತು. ಇಲ್ಲಿ ಪುಸ್ತಕ ಮುಚ್ಚಿಸಿ. ಐದು ನಿಮಿಷ ಯಾರೂ ಏನೂ ಓದಬಾರದು, ಬೇಕಾದರೆ ಎದ್ದು ಜಗುಲಿಗೆ ಹೋಗಿ ಮಳೆ ನೋಡಿ ಬರಲಿ. ಆಮೇಲೆ ಮುಂದಿನ ಪುಟ: ನಡುರಾತ್ರಿ ಆಚಾರ್ಯರಿಗೆ ಎಚ್ಚರವಾಗುತ್ತದೆ, ತಲೆ ಚಂದ್ರಿಯ ತೊಡೆಯ ಮೇಲಿದೆ. ಅಷ್ಟೇ. ನಡುವೆ ಆದದ್ದು ಪುಸ್ತಕದಲ್ಲಿಲ್ಲ. ಅನಂತಮೂರ್ತಿ ಅಲ್ಲಿ ಒಂದು ಗುಂಡಿ ಬಿಟ್ಟು ದಾಟಿದ್ದಾರೆ. ಮುಂದಿನ ಪುಟಗಳೆಲ್ಲ ಆ ಗುಂಡಿಯನ್ನೇ ಸುತ್ತುತ್ತವೆ: ನಾನಾಗಿ ಮಾಡಿದೆನಾ, ತಾನಾಗಿ ಆಯಿತಾ?

ಈಗ ಸಿನಿಮಾ ಹಾಕಿ. ಪುಸ್ತಕ ಆಚಾರ್ಯರ ತಲೆಯೊಳಗೆ ಕೂತು ಪುಟಗಟ್ಟಲೆ ಯೋಚಿಸಬಹುದು, ಕ್ಯಾಮೆರಾ ತಲೆಯೊಳಗೆ ಹೋಗಲಾರದು. ಅದಕ್ಕೆ ಸಿಗುವುದು ಒಂದು ಮುಖ, ಸ್ವಲ್ಪ ಬೆಳಕು, ಒಂದು ಸದ್ದು. ಈ ಭಾಗ ಬಂದಾಗ ಮೂರೇ ಮೂರನ್ನು ಗಮನಿಸುವುದಕ್ಕೆ ಹೇಳಿ. ಬೆಳಕು ಯಾರ ಮುಖದ ಮೇಲಿದೆ? ಸಂಗೀತ ಎಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ? ಆ ಗುಂಡಿಯನ್ನು ಹೇಗೆ ದಾಟಿದರು? ಇಡೀ ಸಿನಿಮಾ ಮುಗಿದ ಮೇಲೆ ಈ ಒಂದು ಭಾಗಕ್ಕೆ ವಾಪಸ್ ಹೋಗಿ ಸದ್ದು ಬಂದ್ ಮಾಡಿ ಇನ್ನೊಮ್ಮೆ ಹಾಕಿ. ಸದ್ದಿಲ್ಲದೆ ನೋಡುವಾಗಲೇ ನನಗೆ ಗೊತ್ತಾದದ್ದು, ನಾನು ಅಷ್ಟು ಹೊತ್ತೂ ಆಚಾರ್ಯರನ್ನೇ ನೋಡುತ್ತಿದ್ದೆ, ಚಂದ್ರಿಯನ್ನು ನೋಡಿಯೇ ಇರಲಿಲ್ಲ ಅಂತ.

ಚಂದ್ರಿಯ ಬಗ್ಗೆ ಎರಡು ಮಾತು ಜಾಸ್ತಿಯೇ ಹೇಳುತ್ತೇನೆ. ಪುಸ್ತಕದಲ್ಲಿ ಮಾತಾಡುವವರೆಲ್ಲ ಗಂಡಸರು. ಕೆಲಸ ಮಾಡುವವಳು ಅವಳು. ಹೆಣದ ಖರ್ಚಿಗೆ ಇರಲಿ ಅಂತ ಮೈಮೇಲಿನ ಬಂಗಾರ ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ. ಅಷ್ಟು ಹೊತ್ತು ಹೆಣ ಮುಟ್ಟುವುದಿಲ್ಲ ಅಂದವರಿಗೆಲ್ಲ ಬಂಗಾರ ಕಂಡ ಮೇಲೆ ಧರ್ಮ ಸೂಕ್ಷ್ಮ ಗೊತ್ತಾಗತೊಡಗುತ್ತದೆ. ಕಾಡಿನ ರಾತ್ರಿಯಾದ ಮೇಲೆ ಆಚಾರ್ಯರು, ನಾಳೆ ನೀನೇ ಎಲ್ಲರಿಗೂ ಹೇಳು, ನನಗೆ ಇನ್ನು ತೀರ್ಪು ಕೊಡುವ ಅಧಿಕಾರ ಇಲ್ಲ ಅನ್ನುತ್ತಾರೆ. ಅವಳು ಹೇಳುವುದಿಲ್ಲ. ಸೀದಾ ಹೋಗಿ, ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ಸಹಾಯ ತೆಗೆದುಕೊಂಡು, ರಾತ್ರೋರಾತ್ರಿ ಗಾಡಿಯಲ್ಲಿ ಹೆಣ ಸಾಗಿಸಿ ಸುಡಿಸಿ, ಕುಂದಾಪುರದ ದಾರಿ ಹಿಡಿಯುತ್ತಾಳೆ. ಊರಿನವರು ಇದು ಗೊತ್ತಿಲ್ಲದೆ, ಹೆಣ ಅಲ್ಲೇ ಇದೆ ಅಂತ ಮೂಗು ಮುಚ್ಚಿಕೊಂಡು ಓಡಾಡುತ್ತಿರುತ್ತಾರೆ! ಈ ಹೆಂಗಸಿಗೆ ಪುಸ್ತಕ ಕೊಟ್ಟ ಮಾತು ಕಡಿಮೆ. ಸಿನಿಮಾ ಅವಳಿಗೆ ಮುಖ ಕೊಟ್ಟಿತು, ಸ್ನೇಹಲತಾ ಅವರ ಕಣ್ಣು ಕೊಟ್ಟಿತು. ನನ್ನ ಪ್ರಕಾರ ಸಿನಿಮಾ ಪುಸ್ತಕಕ್ಕಿಂತ ಮುಂದೆ ಹೋಗುವುದು ಇದೊಂದು ಕಡೆ. ಸ್ನೇಹಲತಾ ಅವರು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದು, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನೂ ಆಮೇಲೇ ಹೇಳಿ, ಮೊದಲೇ ಗೊತ್ತಿದ್ದರೆ ಅವರ ಮುಖವನ್ನು ಬೇರೆ ಥರ ನೋಡಿಬಿಡುತ್ತೀರಿ.

ಪುಸ್ತಕದ ಬಗ್ಗೆ ನನಗೆ ಒಂದು ತಕರಾರಿದೆ, ಮುಚ್ಚಿಡುವುದಿಲ್ಲ. ಅಗ್ರಹಾರದ ಹುಡುಗ ಶ್ರೀಪತಿ, ಬೆಳ್ಳಿಯರ ಸಂಬಂಧವೂ ಅದರಲ್ಲಿ ಬರುತ್ತದೆ. ಬೆಳ್ಳಿ ದಲಿತರ ಕೇರಿಯ ಹುಡುಗಿ. ಅವಳ ಮೈಯ ವರ್ಣನೆ ಇದೆ, ಅವಳ ಮನಸ್ಸಿನ ಒಳಗೆ ಹೋಗುವವರು ಯಾರೂ ಇಲ್ಲ. ಅವಳ ಅಪ್ಪ ಅಮ್ಮ ಅದೇ ಕಾಯಿಲೆಯಲ್ಲಿ ಸತ್ತರೂ ಅಗ್ರಹಾರದ ಹೆಣಕ್ಕೆ ಆದಷ್ಟು ಚರ್ಚೆ ಅವರಿಗೆ ಆಗುವುದಿಲ್ಲ. ಓದುವಾಗ ನಮ್ಮ ಮನೆಯ ಕೆಲಸಕ್ಕೆ ಬರುವ ಅಕ್ಕನೂ ಕೂತಿದ್ದರು, ಆ ಪುಟ ಬಂದಾಗ ಎದ್ದು ಒಳಗೆ ಹೋದರು. ಯಾಕೆ ಅಂತ ನಾನು ಕೇಳಲಿಲ್ಲ, ಕೇಳಬೇಕಿತ್ತು. ನಿಮ್ಮ ಹಜಾರದಲ್ಲಿ ಯಾರು ಯಾರು ಕೂತಿರುತ್ತಾರೆ ಅಂತ ನೋಡಿಕೊಂಡು, ಇಂಥ ಪುಟ ಇದೆ ಅಂತ ಮೊದಲೇ ಹೇಳಿ. ಬ್ರಾಹ್ಮಣರ ಮನೆಯ ಹಿರಿಯರಿದ್ದರೆ ಅವರಿಗೂ ಬೇಸರ ಆಗುವ ಜಾಗಗಳಿವೆ. ಮಾತುಕತೆಯಲ್ಲಿ ಮೊದಲು ಬೇಸರವಾದವರೇ ಮಾತಾಡಲಿ, ಮೆಚ್ಚಿದವರು ಆಮೇಲೆ.

ಮಾತುಕತೆ ಅಂದೆ. ಅದಕ್ಕೂ ಒಂದು ಎಚ್ಚರ. ಆಚಾರ್ಯರು ಮಾಡಿದ್ದು ಸರಿಯಾ ತಪ್ಪಾ ಅಂತ ಕೇಳಲೇಬೇಡಿ. ಕೇಳಿದರೆ ಐದು ನಿಮಿಷದಲ್ಲಿ ಅದು ಆಚಾರ್ಯರನ್ನು ಬಿಟ್ಟು, ಹೋದ ವರ್ಷ ಬೇರೆ ಜಾತಿಯ ಹುಡುಗನನ್ನು ಮದುವೆಯಾದ ನಿಮ್ಮ ಕಸಿನ್ ಕಡೆಗೆ ತಿರುಗುತ್ತದೆ, ಅಲ್ಲಿಂದ ಅಡಿಕೆ ತೋಟದ ಪಾಲಿನ ತನಕ ಹೋಗುತ್ತದೆ. ಸಣ್ಣ ಪ್ರಶ್ನೆ ಕೇಳಿ. ಈ ಕತೆಯಲ್ಲಿ ಯಾರು ಯಾರಿಗೆ ತಿನ್ನುವುದಕ್ಕೆ ಕೊಟ್ಟರು? ಯಾರು ಯಾರನ್ನು ಮುಟ್ಟಿದರು? ಆಚಾರ್ಯರ ಗುಟ್ಟು ಎಷ್ಟು ಜನಕ್ಕೆ ಗೊತ್ತು? ಇಂಥದ್ದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ, ಉತ್ತರ ಹುಡುಕುತ್ತಾ ದೊಡ್ಡ ಪ್ರಶ್ನೆಗೆ ತಾವೇ ಬರುತ್ತಾರೆ. ನಮ್ಮಲ್ಲಿ ಹಾಗೇ ಆಯಿತು. ಅಷ್ಟು ಹೊತ್ತು ಸುಮ್ನೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ, “ಅಷ್ಟು ಜನ ಓದಿದೋರಿದ್ದು ಒಂದು ಹೆಣ ಎತ್ತಲಿಲ್ಲ. ಸಂಸ್ಕಾರ ಮಾಡಿದ್ದು ಆ ಹುಡುಗಿ ಅಲ್ವನಾ?” ಅಂದರು. “ಹುಡುಗಿ ಮತ್ತೆ ಬ್ಯಾರಿ” ಅಂತ ಏಳನೇ ಕ್ಲಾಸಿನವನು ಸೇರಿಸಿದ. ದೊಡ್ಡಪ್ಪ ಏನೋ ಹೇಳುವುದಕ್ಕೆ ಬಾಯಿ ತೆರೆದು ಸುಮ್ಮನಾದರು.

ಕೊನೆಯ ಭಾಗದಲ್ಲಿ ಸ್ವಲ್ಪ ಜನ ಆಕಳಿಸುತ್ತಾರೆ, ಅದು ಸಹಜ. ಹೆಂಡತಿಯೂ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಆಚಾರ್ಯರು ಊರು ಬಿಟ್ಟು ಹೊರಡುತ್ತಾರೆ, ಪುಟ್ಟ ಅನ್ನುವ ಮಾತುಗಾರ ಹುಡುಗ ಗಂಟು ಬೀಳುತ್ತಾನೆ, ಮೇಳಿಗೆ ಜಾತ್ರೆ, ಕೋಳಿ ಅಂಕ, ಸೂತಕದಲ್ಲೇ ದೇವಸ್ಥಾನದ ಊಟದ ಪಂಕ್ತಿ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಯಾರಾದರೂ ಗುರುತು ಹಿಡಿದುಬಿಡುತ್ತಾರೆ ಅಂತ ತಲೆ ತಗ್ಗಿಸಿ ಓಡಾಡಿದ ಅನುಭವ ನಿಮಗಿದ್ದರೆ ಈ ಭಾಗ ಚೆನ್ನಾಗಿ ಹತ್ತುತ್ತದೆ. ನನಗೆ ಇತ್ತು, ಕಾಲೇಜಿನ ದಿನಗಳಲ್ಲಿ, ಪಕ್ಕದಲ್ಲಿ ಒಬ್ಬಳು ಇದ್ದಳು. ಆ ಕತೆ ಇಲ್ಲಿ ಬೇಡ. ಪುಸ್ತಕ ಆಚಾರ್ಯರನ್ನು ದಾರಿಯಲ್ಲೇ, ಕಾಯುತ್ತಿರುವ ಹಾಗೆ ಬಿಟ್ಟು ನಿಲ್ಲುತ್ತದೆ, ಊರಿಗೆ ಹೋಗಿ ಹೇಳಿದರಾ ಇಲ್ಲವಾ ಅಂತ ಇಲ್ಲ. ಸಿನಿಮಾದ ಕೊನೆಯ ಚಿತ್ರ ಮುಗಿದ ಕೂಡಲೇ ಲೈಟ್ ಹಾಕಬೇಡಿ, ಒಂದು ನಿಮಿಷ ಕತ್ತಲು ಇರಲಿ.

ಇದು ಹಿಡಿಸಿದರೆ ಮುಂದಿನ ವಾರಕ್ಕೆ 1977ರ ‘ಘಟಶ್ರಾದ್ಧ’ ಇಟ್ಟುಕೊಳ್ಳಿ. ಅನಂತಮೂರ್ತಿಯವರದ್ದೇ ಕತೆ, ನಮ್ಮ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರ ಮೊದಲ ಸಿನಿಮಾ. ವಿಧವೆಯೊಬ್ಬಳ ಗುಟ್ಟಿನ ಸಂಬಂಧವನ್ನು ನಾಣಿ ಅನ್ನುವ ಸಣ್ಣ ಹುಡುಗನ ಕಣ್ಣಿನಿಂದ ನೋಡುವುದು. ಅದು ಇನ್ನೂ ಗಟ್ಟಿ, ಒಂದು ವಾರ ಬಿಡುವು ಕೊಟ್ಟೇ ಹಾಕಿ, ಒಂದೇ ದಿನ ಎರಡನ್ನೂ ನೋಡುವ ಹುಚ್ಚು ಮಾಡಬೇಡಿ.

ಈಗ ಬಡಿಸಿ. ಸಾರು ಬಿಸಿ ಮಾಡಿಕೊಳ್ಳಿ, ಹಲಸಿನ ಹಪ್ಪಳ ಆಗಲೇ ಕರಿಯಿರಿ. ಎಲೆಯ ತುದಿಗೆ ಒಂದೊಂದು ಬಾಳೆಹಣ್ಣು ಇಡುವುದನ್ನು ಮರೆಯಬೇಡಿ, ಅದರ ಬಗ್ಗೆ ಏನೂ ಹೇಳಲೂ ಬೇಡಿ. ನಮ್ಮಲ್ಲಿ ಊಟ ಮುಗಿಯುವ ತನಕ ಯಾರೂ ಅದನ್ನು ಮುಟ್ಟಿರಲಿಲ್ಲ. ಕೊನೆಗೆ ಅಜ್ಜಿಯೇ ತಮ್ಮ ಹಣ್ಣು ಸುಲಿದು, ಅರ್ಧ ಮುರಿದು, ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪನ ಎಲೆಗೆ ಹಾಕಿ, “ತಿನ್ನಾ, ಹಸಿದಿದ್ದಿ” ಅಂದರು.